ಹತ್ತೊಂಬತ್ತು ದಿನದ ಒಂದು ಬಡಿತ

ಕಿಣ್...

ಸೂಜಿ ಬಿದ್ದಷ್ಟು ಸಣ್ಣ ಸದ್ದು. ರಾತ್ರಿ ಎರಡು ಗಂಟೆ. ಸಾವಿರಾರು ಫ್ಯಾನ್‌ಗಳು ಭೋರ್ಗರೆಯುವ ಆ ಮಷಿನ್ ಹಾಲ್‌ನಲ್ಲಿ ಅದು ಅವಳ ಕಿವಿಗೆ ಹೇಗೆ ಬಿತ್ತೋ!

ಅವಳು ಬಾಗಿಲಲ್ಲೇ ನಿಂತಳು. ಎದೆಗೆ ಅವಚಿಕೊಂಡಿದ್ದ ಕಾಗದಗಳು ತಣ್ಣನೆಯ ಗಾಳಿಗೆ ಪಟಪಟ ಎಂದವು. ಕೆಲಸಕ್ಕೆ ಸೇರಿ ಇನ್ನೂ ಮೂರನೇ ದಿನ. ಹೊಸ ಸಾಫ್ಟ್‌ವೇರ್ ಹಾಕುವುದೆಲ್ಲ ಯಂತ್ರಕ್ಕೆ ಬಿಡುವಿರುವ ಈ ಹೊತ್ತಿನಲ್ಲೇ. "ಹಾಲ್‌ನಲ್ಲಿ ಒಬ್ರು ಇರ್ತಾರೆ, ನಿಮ್ಮ ಪಟ್ಟಿ ಅವರಿಗೆ ಕೊಡಿ" ಎಂದಷ್ಟೇ ಮುಖ್ಯಸ್ಥರು ಹೇಳಿದ್ದರು.

ಎಲ್ಲಿದ್ದಾರೆ ಆ ಒಬ್ಬರು...?

ಎರಡೂ ಬದಿಗೆ ಆಳೆತ್ತರದ ಕಪ್ಪು ರ‍್ಯಾಕ್‌ಗಳು, ಕಣ್ಣು ಹಾಯುವವರೆಗೂ. ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ಹಸಿರು ದೀಪ. ನಿದ್ದೆಯಲ್ಲಿ ಉಸಿರಾಡುವವರ ಹಾಗೆ ನಿಧಾನವಾಗಿ ಹೊತ್ತಿ ಆರುತ್ತಿದ್ದವು. ಇಷ್ಟು ದೊಡ್ಡದನ್ನು ನಮ್ಮಂಥ ಮನುಷ್ಯರೇ ಕಟ್ಟಿದರೇ? ಅವಳಿಗೆ ಮೈ ಜುಮ್ಮೆಂದಿತು.

ಆಗ ಕಂಡಿತು. ಎರಡು ಸಾಲಿನ ನಡುವೆ, ನೆಲದ ಮೇಲೆ, ಒಬ್ಬ ಮನುಷ್ಯ ಬೋರಲಾಗಿ ಬಿದ್ದಿದ್ದ!

"ಅಯ್ಯೋ! ಏನಾಯ್ತು ನಿಮಗೆ?" ಅವಳು ಓಡಿದಳು.

"ಶ್!" ಅವನು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದ. ಅವನ ಒಂದು ಕಿವಿ ನೆಲಕ್ಕೆ ಅಂಟಿಕೊಂಡಿತ್ತು. "ಅಲ್ಲೇ ನಿಲ್ಲಿ. ಉಸಿರು ಬಿಡ್ಬೇಡಿ."

ಅವಳು ಉಸಿರು ಬಿಗಿಹಿಡಿದಳು.

ಕಿಣ್...

"ಮತ್ತೆ ಬಂತು," ಎಂದಳು ಮೆಲ್ಲಗೆ.

ಅವನು ಥಟ್ಟನೆ ಕಣ್ಣು ಬಿಟ್ಟ. ಅವಳನ್ನೇ ನೋಡಿದ... ಕಾಣಬಾರದ್ದನ್ನು ಕಂಡವನಂತೆ. "ನಿಮಗೆ ಕೇಳಿಸ್ತಾ?"

"ಹೂಂ. ಒಳಗೆ ಕಾಲಿಟ್ಟಾಗ್ಲೇ ಕೇಳಿಸ್ತು."

"ಹದಿನಾಲ್ಕು ವರ್ಷದಿಂದ ಇಲ್ಲಿದೀನಿ. ನನ್ನ ಬಿಟ್ಟು ಇನ್ಯಾರಿಗೂ ಕೇಳಿಸಿರ್ಲಿಲ್ಲ."

ಅವನು ಎದ್ದ, ನೇರವಾಗಿ ಮೂರನೇ ರ‍್ಯಾಕ್‌ನ ಹಿಂದಕ್ಕೆ ಹೋದ, ಅಂಗೈಯಗಲದ ಒಂದು ಫ್ಯಾನನ್ನು ಹೊರಗೆಳೆದ. ಬೆರಳ ತುದಿಯಿಂದ ತಿರುಗಿಸಿದರೆ... ಕಿಣ್!

"ನಾಳೆ ಮಧ್ಯಾಹ್ನ ಸಾಯ್ತಿತ್ತು, ಪಾಪ," ಎಂದ.

ಅವಳು ಬಾಯಿ ತೆರೆದು ನೋಡುತ್ತಿದ್ದಳು. ಸಂತೆಯಷ್ಟು ಗದ್ದಲದಲ್ಲಿ ಒಂದು ಫ್ಯಾನ್‌ನ ನರಳಾಟ ಕೇಳಿಸಿಕೊಳ್ಳುವ ಮನುಷ್ಯ!

ಆ ಬೆರಗು ಎರಡು ನಿಮಿಷವೂ ಉಳಿಯಲಿಲ್ಲ. ಅವನು ಅವಳ ಕೈಯಿಂದ ಪಟ್ಟಿ ತೆಗೆದುಕೊಂಡ. ಓದಿದ. ಮತ್ತೊಮ್ಮೆ ಓದಿದ.

"ಇದನ್ನ ಹಾಕಲ್ಲ."

"ಯಾ... ಯಾಕೆ ಸರ್?"

"'ಸಾಕಷ್ಟು ಮೆಮೊರಿ ಬೇಕು' ಅಂತ ಬರೆದಿದೀರಿ. ಸಾಕಷ್ಟು ಅಂದ್ರೆ ಎಷ್ಟು? ನಮ್ಮಮ್ಮ 'ಉಪ್ಪು ಸಾಕಷ್ಟು ಹಾಕು' ಅಂತಾರೆ. ಅದು ಅವರ ಕೈಗೆ ಗೊತ್ತು. ಯಂತ್ರಕ್ಕೆ ಕೈ ಇದೆಯಾ ಮೇಡಂ?"

ಜೇಬಿನಿಂದ ಪೆನ್ಸಿಲ್ ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟ. ಅವಳ ಮುಖ ಕೆಂಪಾಯಿತು. ಕಿವಿ ಇದೆ, ಹೃದಯ ಇಲ್ಲ! ಎಂದುಕೊಂಡು ಅವಳು ಹೊರಗೆ ನಡೆದಳು.

*

ಅವಳ ಕೆಲಸ ಕೇಳಿದವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಆ ಸೂಪರ್‌ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರಿಗೆ ನೂರೆಂಟು ಟೂಲ್‌ಗಳು ಬೇಕು. ಒಂದೊಂದು ಟೂಲ್‌ಗೂ ಒಂದೊಂದು ಬೇಡಿಕೆ. ಎಷ್ಟು ಮೆಮೊರಿ, ಎಷ್ಟು ಡಿಸ್ಕ್, ಯಾವ ಕಾಲದ ಪ್ರೊಸೆಸರ್, ಯಾವ ಕಂಪೈಲರ್‌ನ ಯಾವ ವರ್ಷನ್... ಅದನ್ನೆಲ್ಲ ಹುಡುಕಿ, ವಿಚಾರಿಸಿ, ಪಟ್ಟಿ ಮಾಡಿ ಬರೆಯುವವಳು ಅವಳು.

ಆ ಪಟ್ಟಿಯನ್ನು ಮೊದಲು ಮೂಲೆಯಲ್ಲಿದ್ದ ಪುಟ್ಟ ಪರೀಕ್ಷೆ ಯಂತ್ರದ ಮೇಲೆ ಅಕ್ಷರಕ್ಷರ ನಡೆಸಿ ನೋಡುವವನು ಅವನು. ಬರೆದದ್ದನ್ನು ಬಿಡುವಂತಿಲ್ಲ, ಬರೆಯದ್ದನ್ನು ಮಾಡುವಂತಿಲ್ಲ. ಅದು ಆ ಜಾಗದ ಕಟ್ಟಳೆ. ಇಬ್ಬರ ಸಹಿಯೂ ಬಿದ್ದರೆ ಮಾತ್ರ ಟೂಲ್ ದೊಡ್ಡ ಯಂತ್ರದೊಳಗೆ ಹೋಗುವುದು.

ಹಗಲೂ ರಾತ್ರಿ ಹಾಲ್‌ನಲ್ಲೇ ಇರುತ್ತಿದ್ದ ಅವನನ್ನು ಕಚೇರಿಯವರೆಲ್ಲ 'ಅಳಿಯ' ಎನ್ನುತ್ತಿದ್ದರು. ಯಂತ್ರದ ಮನೆಯ ಅಳಿಯ!

"ಏನ್ ಪಟ್ಟಿ ಮೇಡಂ, ಅಳಿಯಂದ್ರು ಸಹಿ ಹಾಕಿದ್ರಾ?" ಎಂದು ಮುಖ್ಯಸ್ಥರೂ ಕೇಳುತ್ತಿದ್ದರು.

"ಇಲ್ಲ ಸರ್. ನಾಲ್ಕನೇ ಸಲ ವಾಪಸ್."

"ಹಾಕ್ತಾರೆ, ಹಾಕ್ತಾರೆ. ಕಲ್ಲು ಕೂಡ ಕರಗತ್ತೆ. ಸ್ವಲ್ಪ ಟೈಮ್ ತಗೊಳತ್ತೆ ಅಷ್ಟೆ."

ಐದನೇ ಸಲವೂ ವಾಪಸ್. ಆರನೇ ಸಲವೂ! ಪ್ರತಿ ಸಲ ಒಂದೇ ಒಂದು ಪೆನ್ಸಿಲ್ ಗೆರೆ. ಬೈಗುಳವಿಲ್ಲ, ವಿವರಣೆಯೂ ಇಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಆ ಸಾಲನ್ನೇ ದಿಟ್ಟಿಸುತ್ತಿದ್ದಳು. ಹತ್ತು ನಿಮಿಷ ನೋಡಿದರೆ ಹೊಳೆಯುತ್ತಿತ್ತು... ಅಯ್ಯೋ, ಇಲ್ಲಿ ತಪ್ಪಿದೆ! ಅವನು ಸರಿ! ಅದೇ ಇನ್ನೂ ಹೆಚ್ಚು ಉರಿಯುತ್ತಿತ್ತು.

ಮನೆಯಲ್ಲಿ ಅಕ್ಕನ ಕಾಟ ಬೇರೆ.

"ನಿನ್ನ ಪಟ್ಟಿ ಭಾಷೆ ಇದೆಯಲ್ಲ, ಕನಿಷ್ಠ ಇಷ್ಟು, ಶಿಫಾರಸು ಇಷ್ಟು ಅಂತ... ಗಂಡು ಹುಡುಕೋಕೂ ಹಾಗೇ ಒಂದು ಬರೆದುಕೊಡೇ ಪುಟ್ಟಿ. ಕನಿಷ್ಠ ಎತ್ತರ ಎಷ್ಟು?"

"ಅಕ್ಕಾ!"

"ಮೆಮೊರಿ ಮಾತ್ರ ಕಮ್ಮಿ ಇರೋ ಗಂಡನ್ನ ತಗೋಬೇಡ," ಎಂದರು ಭಾವ, ಪೇಪರಿನ ಹಿಂದಿನಿಂದ. "ನನ್ನ ಹಾಗೆ ಹೆಂಡತಿ ಹುಟ್ಟಿದ ದಿನ ಮರೆತು ಒದ್ದಾಡ್ತಾನೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಿನ ನಡುವೆ, ಕರೆಯದೇ ಬಂದ ನೆಂಟನಂತೆ, ನೆಲಕ್ಕೆ ಕಿವಿಯಿಟ್ಟು ಮಲಗಿದ್ದ ಆ ಮನುಷ್ಯ ಕಣ್ಣ ಮುಂದೆ ಬಂದ. ಛೆ, ಇವನ್ಯಾಕೆ ಈಗ...?

ಏಳನೆಯದು ಡೀಬಗರ್‌ನ, ಅಂದರೆ ಪ್ರೋಗ್ರಾಂನ ತಪ್ಪು ಹಿಡಿಯುವ ಟೂಲ್‌ನ ಪಟ್ಟಿ. ಅದೂ ವಾಪಸ್. ಅದು ಬೇಕಾಗಿದ್ದದ್ದು ಡಾಕ್ಟರಮ್ಮನಿಗೆ.

ಡಾಕ್ಟರಮ್ಮ ಆ ಕಟ್ಟಡದಲ್ಲೇ ಹಿರಿಯ ವಿಜ್ಞಾನಿ. ತಲೆಯೆಲ್ಲ ಬೆಳ್ಳಿ, ಮಾತೆಲ್ಲ ಬೆಣ್ಣೆ. ಒಂದು ಮಧ್ಯಾಹ್ನ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಬಾ ಮಗಳೇ. ಯಾತಕ್ಕೆ ಪಟ್ಟಿ ಬರೀತಿದೀಯ ಅಂತ ನೋಡು."

ಪರದೆಯ ಮೇಲೆ ಒಂದು ಹೃದಯ. ಚಿತ್ರವಲ್ಲ... ನಲವತ್ತು ಕೋಟಿ ಪುಟ್ಟ ಪುಟ್ಟ ತುಣುಕುಗಳಿಂದ ಲೆಕ್ಕದಲ್ಲೇ ಕಟ್ಟಿದ ಹೃದಯ! ನರ, ಸ್ನಾಯು, ರಕ್ತ, ರೆಪ್ಪೆಯಷ್ಟು ತೆಳುವಾದ ಕವಾಟಗಳು. ಅರ್ಧ ಮಿಡಿದು ಹಾಗೇ ನಿಂತುಹೋಗಿತ್ತು.

"ನಮ್ಮೆದೆಯಲ್ಲಿ ಒಂದು ಬಡಿತಕ್ಕೆ ಒಂದು ಸೆಕೆಂಡೂ ಬೇಡ," ಎಂದರು ಡಾಕ್ಟರಮ್ಮ. "ಅದನ್ನ ಲೆಕ್ಕ ಹಾಕೋಕೆ ಈ ಇಡೀ ಯಂತ್ರಕ್ಕೆ ಹತ್ತೊಂಬತ್ತು ದಿನ ಬೇಕು. ನಾನೂರು ಕಂಪ್ಯೂಟರು ಒಟ್ಟಿಗೆ ದುಡೀಬೇಕು. ಹಗಲು ರಾತ್ರಿ."

ಅವಳ ಕೈ ತಾನಾಗಿ ತನ್ನ ಎದೆಯ ಮೇಲೆ ಹೋಯಿತು. ಒಳಗೆ ಡಬ್ ಡಬ್... ಹತ್ತೊಂಬತ್ತು ದಿನ, ಹತ್ತೊಂಬತ್ತು ದಿನ, ಹತ್ತೊಂಬತ್ತು ದಿನ... ಎಷ್ಟು ಸಲೀಸಾಗಿ ಮಾಡುತ್ತಿದೆಯಲ್ಲ ಇದು!

"ಎರಡು ಸಲ ಪ್ರಯತ್ನ ಮಾಡ್ದೆ. ಎರಡೂ ಸಲ ಹದಿನೈದನೇ ದಿನ ಎಲ್ಲೋ ಒಂದು ಲೆಕ್ಕ ಕೆಟ್ಟು ಕವಾಟ ಹರಿದುಹೋಯ್ತು. ಯಾವ ಲೆಕ್ಕ ಅಂತ ಗೊತ್ತಾಗ್ಲೇ ಇಲ್ಲ. ಅದನ್ನ ಹಿಡಿಯೋದು ಈ ಡೀಬಗರ್ ಒಂದೇ. ಈ ಸಲ ನನಗೆ ಇಪ್ಪತ್ತು ದಿನ ಕೊಟ್ಟಿದಾರೆ. ಆಮೇಲೆ ಯಂತ್ರ ಬೇರೆಯವರಿಗೆ, ನಾನು ನಿವೃತ್ತಿ." ಅವರು ನಕ್ಕರು. "ಒಂದು ಬಡಿತ ಪೂರ್ತಿ ನೋಡಿದ್ರೆ ಸಾಕು. ಒಂದು ಪೂರ್ತಿ ಆದ್ರೆ, ನಾಳೆ ಸರ್ಜನ್‌ಗಳು ಮಗುವಿನ ಎದೆ ಕೊಯ್ಯೋ ಮುಂಚೆ ಇದರ ಮೇಲೆ ಅಭ್ಯಾಸ ಮಾಡ್ಬಹುದು."

ಅವಳು ಆ ರಾತ್ರಿ ಪಟ್ಟಿಯನ್ನು ಮೊದಲಿನಿಂದ ಬರೆದಳು. ಎಂಟನೇ ಸಲ.

ಮರುದಿನ ಅದು ಮೇಜಿನ ಮೇಲೆ ವಾಪಸ್ ಬಂದಿತ್ತು. ಅವಳು ಒಂದೇ ಕಣ್ಣು ತೆರೆದು ನೋಡಿದಳು.

ಒಂದೂ ಗೆರೆ ಇಲ್ಲ!

ಕೆಳಗೆ ಅವನ ಸಹಿ.

ಅವಳು ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದಳು. ಯಾಕೆ ಇಷ್ಟು ಖುಷಿ? ಒಂದು ಸಹಿಗೆ? ಆದರೂ ಅವಳ ಕಣ್ಣು ತುಂಬಿತು.

*

ಹೃದಯ ಓಡತೊಡಗಿತು.

ದಿನಾ ಸಂಜೆ ಮನೆಗೆ ಹೊರಡುವ ಮುಂಚೆ ಅವಳು ಹಾಲ್‌ಗೆ ಒಂದು ಸುತ್ತು ಹೋಗುತ್ತಿದ್ದಳು. ಕಾರಣ ಕೇಳಿದರೆ ಹೇಳಲು ಒಂದೂ ಇರಲಿಲ್ಲ. ಅವನೂ ಕೇಳಲಿಲ್ಲ. ಐದನೇ ದಿನ ಒಂದು ಕುರ್ಚಿ ತಂದಿಟ್ಟ. ಆರನೇ ದಿನ, ಒಳಗೆ ಚಳಿ ಎಂದು, ತನ್ನ ಸ್ವೆಟರ್ ಕುರ್ಚಿಯ ಮೇಲೆ ಹಾಕಿಟ್ಟ. ಅವಳಿಗಾಗಿ ಇಟ್ಟದ್ದು ಎಂದು ಮಾತ್ರ ಬಾಯಿ ಬಿಡಲಿಲ್ಲ.

"ಕಣ್ಣು ಮುಚ್ಕೊಳ್ಳಿ," ಎಂದ ಒಂದು ದಿನ. "ಎಡಗಡೆ ಗಾಳಿ ಸದ್ದು ಬಿಟ್ಬಿಡಿ. ಅದರ ಕೆಳಗೆ ಇನ್ನೊಂದಿದೆ."

ಅವಳು ಕೇಳಿದಳು. ಭೋರ್ಗರೆತದ ತಳದಲ್ಲಿ, ಬಾವಿಯ ಆಳದಿಂದ ಬಂದಂತೆ, ಒಂದು ಗುಂಯ್... ನಾನೂರು ಕಂಪ್ಯೂಟರುಗಳೂ ಒಂದೇ ಲೆಕ್ಕದಲ್ಲಿ ಮುಳುಗಿದಾಗ ಮಾತ್ರ ಏಳುವ ಸ್ವರ.

"ಇದು... ಇದು ಆ ಹೃದಯದ್ದಾ?"

ಅವನು ಮುಗುಳ್ನಕ್ಕ. ಆ ನಗು ಅವಳು ಮೊದಲ ಸಲ ನೋಡುತ್ತಿದ್ದದ್ದು.

ಹದಿಮೂರನೇ ದಿನ ಸಂಜೆ, ಬೇರೊಂದು ಪಟ್ಟಿಗಾಗಿ ಹಳೆಯ ಟಿಪ್ಪಣಿ ತಿರುವುತ್ತಿದ್ದಾಗ, ಅವಳ ಕೈ ನಿಂತಿತು.

ಡೀಬಗರ್‌ಗೆ ಹೆಚ್ಚುವರಿ ಮೆಮೊರಿ: *ಪ್ರತಿ ಪ್ರೊಸೆಸ್‌ಗೆ* ಅರ್ಧ ಜಿಬಿ.

ತಾನು ಪಟ್ಟಿಯಲ್ಲಿ ಬರೆದದ್ದು... *ಪ್ರತಿ ಕಂಪ್ಯೂಟರಿಗೆ* ಅರ್ಧ ಜಿಬಿ.

ಒಂದೊಂದು ಕಂಪ್ಯೂಟರಿನಲ್ಲೂ ಅಂಥ ಪ್ರೊಸೆಸ್‌ಗಳು, ಒಟ್ಟೊಟ್ಟಿಗೆ ಓಡುವ ಲೆಕ್ಕದ ತುಂಡುಗಳು, ಅರವತ್ತನಾಲ್ಕು! ಅರ್ಧ ಜಿಬಿ ಅಲ್ಲ, ಮೂವತ್ತೆರಡು!

ಅವಳು ಯಂತ್ರದ ಲೆಕ್ಕ ತೆಗೆದು ನೋಡಿದಳು. ಒಂದೊಂದು ಕಂಪ್ಯೂಟರಿಗೂ ಇದ್ದದ್ದು ನೂರಿಪ್ಪತ್ತೆಂಟು ಜಿಬಿ. ಮೊದಲ ದಿನ ನೂರಹತ್ತು ತುಂಬಿತ್ತು. ಡೀಬಗರ್ ದಿನದಿನದ ಜಾಡನ್ನು ಬರೆದಿಟ್ಟುಕೊಳ್ಳುತ್ತ, ಇರುವೆಯಂತೆ ಒಂದೊಂದೇ ಕಾಳು ಕೂಡಿಸುತ್ತ ಬಂದಿತ್ತು. ಈಗ ನೂರಿಪ್ಪತ್ತೇಳು!

ಬೆಳಗಾಗುವುದರೊಳಗೆ ಪೂರ್ತಿ ತುಂಬುತ್ತದೆ. ತುಂಬಿದ ಕ್ಷಣ... ಎಲ್ಲ ಮುಗಿಯಿತು.

ಅವಳು ಹಾಲ್‌ಗೆ ಓಡಿದಳು. ಹೇಳಿದಳು. ಅವನು ಎರಡೂ ಕಾಗದಗಳನ್ನು ಹಿಡಿದು ನಿಂತೇ ಇದ್ದ.

"ಪರೀಕ್ಷೆ ಮಾಡ್ದಾಗ ಗೊತ್ತಾಗ್ಲಿಲ್ವಾ ಸರ್?" ಎಂದಳು.

"ಪರೀಕ್ಷೆ ಮಾಡ್ಲಿಲ್ಲ."

"ಏನು?"

"ಈ ಒಂದನ್ನ ಮಾತ್ರ... ಮಾಡ್ಲಿಲ್ಲ."

ಏಳು ಸಲ ಪರೀಕ್ಷೆ ಮಾಡಿದವನು! ಒಂದು ಪದ ಬಿಡದೆ ಜಾಲಾಡಿದವನು! ಅವಳಿಗೆ ಒಂದೇ ಅರ್ಥ ಹೊಳೆಯಿತು.

"ಸಾಕಾಗಿತ್ತು ಅಲ್ವಾ? ಇವಳಿಗೆ ಹೇಳಿ ಹೇಳಿ ಬೇಜಾರಾಯ್ತು, ಏನಾದ್ರೂ ಮಾಡ್ಕೊಳ್ಲಿ ಅಂತ ಸಹಿ ಹಾಕಿ ಕೈ ತೊಳ್ಕೊಂಡ್ರಿ!"

"ಹಾಗಲ್ಲ..."

"ಮತ್ತೆ ಹೇಗೆ? ಹೇಳಿ!"

ಅವನ ತುಟಿ ಅಲುಗಿತು. ಅಷ್ಟರಲ್ಲಿ ಮೊದಲ ಸಾಲಿನ ರ‍್ಯಾಕ್ ಒಂದರಲ್ಲಿ ಹಸಿರು ದೀಪ ಹಳದಿಗೆ ತಿರುಗಿತು.

ನಾನು ಬರೆದದ್ದನ್ನು ಜಗತ್ತಿನಲ್ಲಿ ಒಬ್ಬರಾದರೂ ಓದುತ್ತಾರೆ ಅಂದುಕೊಂಡಿದ್ದೆನಲ್ಲ... ಅವಳು ಕಣ್ಣೊರೆಸಿಕೊಂಡು ನೇರ ಮುಖ್ಯಸ್ಥರ ಕೋಣೆಗೆ ನಡೆದಳು. ಡಾಕ್ಟರಮ್ಮನನ್ನೂ ಕರೆಸಿದಳು. ನಿಂತುಕೊಂಡೇ, ಏನನ್ನೂ ಬಚ್ಚಿಡದೆ, ತನ್ನ ತಪ್ಪನ್ನು ಹೇಳಿದಳು.

ಮುಖ್ಯಸ್ಥರು ತಲೆ ಮೇಲೆ ಕೈ ಹೊತ್ತರು. "ಎಂಥ ಅನಾಹುತ ಮಾಡಿದ್ರಮ್ಮಾ!"

"ತಪ್ಪು ನಂದು ಸರ್." ಬಾಗಿಲಲ್ಲಿ ಅವನು ನಿಂತಿದ್ದ. "ಪರೀಕ್ಷೆ ಮಾಡೋದು ನನ್ನ ಕೆಲಸ."

"ಬರೆದಿದ್ದು ನಾನು," ಎಂದಳು ಅವಳು, ಅವನತ್ತ ನೋಡದೆ.

"ಆಮೇಲೆ ಇಬ್ರೂ ಕೂತು ಹಂಚ್ಕೊಳ್ಳಿ ಮಾರಾಯ್ರೇ! ಈಗ ದಾರಿ ಹೇಳಿ, ದಾರಿ!"

ಡಾಕ್ಟರಮ್ಮ ಮಾತ್ರ ಬೈಯಲಿಲ್ಲ. ಅವರ ಮುಖ ಕಾಗದದಂತೆ ಬಿಳುಪೇರಿತ್ತು. "ಎಷ್ಟು ಹೊತ್ತಿದೆ?" ಎಂದರು. ಅಷ್ಟೇ. ಆ ಎರಡು ಪದ ನೂರು ಬೈಗುಳಕ್ಕಿಂತ ಆಳಕ್ಕೆ ಇಳಿದವು.

*

ದಾರಿ ಒಂದೇ ಇತ್ತು. ಅದನ್ನು ಹೇಳಿದವನು ಅವನು.

ಕಟ್ಟಡದ ಹಿಂದುಗಡೆ ಒಂದು ಹಳೆಯ ಹಾಲ್. ಮೂರು ವರ್ಷದಿಂದ ಬೀಗ ಬಿದ್ದಿದೆ. ಅಲ್ಲಿ ಇನ್ನೂರು ಹಳೆಯ ಕಂಪ್ಯೂಟರುಗಳು ನಿದ್ದೆ ಮಾಡುತ್ತಿವೆ. ಓಡುತ್ತಿರುವ ಲೆಕ್ಕವನ್ನು ಇದ್ದಲ್ಲೇ ಉಳಿಸಿ ನಿಲ್ಲಿಸುವುದು. ಮೂರರಲ್ಲೊಂದು ಪಾಲನ್ನು ಆ ಹಳೆಯವುಗಳ ಹೆಗಲಿಗೆ ಹೊರಿಸುವುದು. ನಿಂತಲ್ಲಿಂದಲೇ ಮತ್ತೆ ಶುರು. ಒಬ್ಬೊಬ್ಬರ ಹೊರೆಯೂ ಇಳಿಯುತ್ತದೆ.

"ಆದ್ರೆ ಕೊಟ್ಟಿರೋದು ಇಪ್ಪತ್ತೇ ದಿನ," ಎಂದ. "ಕವಾಟದ ತಪ್ಪು ತಿದ್ದೋಕೂ ಹೊತ್ತು ಬೇಕು. ಇದಕ್ಕೆ ಕೈಯಲ್ಲಿರೋದು ಎಂಟೇ ಗಂಟೆ. ಬೆಳಿಗ್ಗೆ ಆರರೊಳಗೆ ಶುರು ಆಗ್ಲೇಬೇಕು. ಅಲ್ಲೂ ಇಲ್ಲೂ ಎಲ್ಲಾ ಟೂಲ್ ಒಂದೇ ಥರ ಇರ್ಬೇಕು. ಒಂದು ಕೂದಲೆಳೆ ವ್ಯತ್ಯಾಸ ಇದ್ರೂ ಉಳಿಸಿದ ಹೃದಯ ತೆರೆಯಲ್ಲ." ಅವನು ಅವಳತ್ತ ತಿರುಗಿದ. "ಪಟ್ಟಿ ಬೇಕು."

"ಪರೀಕ್ಷೆ ಮಾಡೋಕೆ ಟೈಮ್ ಇಲ್ಲ," ಎಂದಳು.

"ಗೊತ್ತು."

"ನಾನು ಮತ್ತೆ ತಪ್ಪಿದ್ರೆ?"

"ಬರೀರಿ," ಎಂದ ಅವನು. ಗಟ್ಟಿಯಾಗಿ ಅಲ್ಲ. ಆದರೆ ಆ ದನಿಯಲ್ಲಿ ಏನೋ ಇತ್ತು... ಅವಳು ಪೆನ್ನು ತೆಗೆದಳು.

ಹಳೆಯ ಹಾಲ್‌ನ ಬಾಗಿಲು ತೆರೆದಾಗ ಧೂಳಿನ ವಾಸನೆ. ಕತ್ತಲು. ಸದ್ದೇ ಇಲ್ಲ. ಅವಳು ಟಾರ್ಚ್ ಬೆಳಕಿನಲ್ಲಿ, ಮಗುಚಿಟ್ಟ ಒಂದು ಪೆಟ್ಟಿಗೆಯ ಮೇಲೆ ಕೂತು ಬರೆಯತೊಡಗಿದಳು. ಮೊದಲು ಆಪರೇಟಿಂಗ್ ಸಿಸ್ಟಮ್. ಅದರ ವರ್ಷನ್. ಕಂಪ್ಯೂಟರುಗಳನ್ನು ಜೋಡಿಸುವ ಕೇಬಲ್‌ನ ಡ್ರೈವರ್. ಕಂಪೈಲರ್. ಆಮೇಲೆ ಲೈಬ್ರರಿಗಳು... ಒಂದನ್ನು ಇನ್ನೊಂದಕ್ಕಿಂತ ಮುಂಚೆ ಹಾಕಿದರೆ ಕೆಟ್ಟಿತು. ಸೊಸೆ ಬರುವ ಮುಂಚೆ ತೊಟ್ಟಿಲು ಕಟ್ಟಿದ ಹಾಗೆ!

ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದುವುದು, ಅವನು ಒಂದೊಂದೇ ಸಾಲಿನ ಕಂಪ್ಯೂಟರುಗಳನ್ನು ಎಬ್ಬಿಸಿ ಅದನ್ನೇ ಮಾಡಿ ಮತ್ತೆ ಮಲಗಿಸುವುದು.

"ಒಂಬತ್ತನೇದು. ಡಿಸ್ಕ್‌ನಲ್ಲಿ ಖಾಲಿ ಜಾಗ, ಕನಿಷ್ಠ ನಲವತ್ತು ಜಿಬಿ."

"ಇದೆ."

"ಹತ್ತು. ಎಲ್ಲಾ ಗಡಿಯಾರ ಒಂದೇ ಸಮಯ ತೋರಿಸ್ಬೇಕು."

"ಮೂರು ಹಿಂದಿದಾವೆ... ಸರಿ ಮಾಡ್ದೆ."

ಒಂದು ಗಂಟೆ. ಎರಡು. ಮೂರು. ಇನ್ನೇನು ಹೃದಯದ ಪ್ರೋಗ್ರಾಮನ್ನು ಅಲ್ಲಿಂದ ಇಲ್ಲಿಗೆ ನಕಲು ಮಾಡಬೇಕು, ಅವನ ಬೆರಳು ಗುಂಡಿಯ ಮೇಲಿತ್ತು...

"ನಿಲ್ಲಿ!"

ಅವನು ಕಲ್ಲಿನಂತೆ ನಿಂತ.

ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೆದರುವವಳು ಅವಳು. ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು. ಆ ಹೆದರಿಕೆಯೇ ಈಗ ಎಚ್ಚರವಾಗಿತ್ತು. "ಇದರ ಪ್ರೊಸೆಸರ್ ಹಳೇ ಕಾಲದ್ದು. ಹೊಸದಕ್ಕೆ ಗೊತ್ತಿರೋ ಆಜ್ಞೆಗಳು ಇದಕ್ಕೆ ಗೊತ್ತಿಲ್ಲ. ಹಾಗೇ ತಂದು ಹಾಕಿದ್ರೆ ಮೊದಲನೇ ಹೆಜ್ಜೇಲೇ ಬೀಳತ್ತೆ. ಎರಡಕ್ಕೂ ಅರ್ಥ ಆಗೋ ಹಾಗೆ ಪ್ರೋಗ್ರಾಂನ ಹೊಸದಾಗಿ ಕಂಪೈಲ್ ಮಾಡ್ಬೇಕು!"

ಅವನು ಅವಳನ್ನೇ ನೋಡಿದ. ಗುಂಡಿಯಿಂದ ಬೆರಳು ತೆಗೆದ.

"ಹೌದು," ಎಂದ, ಉಸಿರು ಹೊರಬಿಟ್ಟು. "ಬರೀರಿ."

"ಏನು?"

"ಪಟ್ಟಿಯಲ್ಲಿ ಬರೀರಿ. ಬರೆಯದ್ದನ್ನ ನಾನು ಮಾಡಲ್ಲ."

ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು. ಬರೆದಳು. ಅವನೂ ನಗುತ್ತಿದ್ದ... ಧೂಳು ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಬಿಳಿ.

ಐದೂವರೆಗೆ ಅವನು ಮುಖ್ಯ ಸ್ವಿಚ್ ಒತ್ತಿದ.

ಮೊದಲು ಏನೂ ಇಲ್ಲ. ಆಮೇಲೆ ದೂರದ ಮೂಲೆಯಲ್ಲಿ ಒಂದು ದೀಪ. ಅದರ ಪಕ್ಕ ಇನ್ನೊಂದು. ಒಂದು ಸಾಲು, ಎರಡನೇ ಸಾಲು... ಕತ್ತಲೆಯಲ್ಲಿ ನಕ್ಷತ್ರ ಹುಟ್ಟಿದಂತೆ ಹಸಿರು ಹರಡಿತು. ಫ್ಯಾನ್‌ಗಳು ಕೆಮ್ಮಿ, ಗೊಣಗಿ, ಮೂರು ವರ್ಷದ ಧೂಳು ಕೊಡವಿ ಎದ್ದವು. ಇನ್ನೂರು ಮುದುಕರು ಒಟ್ಟಿಗೆ ಎದ್ದು ನಿಂತು 'ಏನು ಕೆಲಸ ಹೇಳು' ಎಂದಂತೆ! ಅವಳ ಮೈಮೇಲೆ ಮುಳ್ಳೆದ್ದಿತು.

ಗೋಡೆಯ ಆಚೆಯ ಗುಂಯ್ ಸ್ವರ ಮತ್ತೆ ಹುಟ್ಟಿತು. ಈಚೆಯಿಂದ ಹಳೆಯವು ಅದಕ್ಕೆ ಶ್ರುತಿ ಸೇರಿಸಿದವು. ಪರದೆಯ ಮೇಲೆ ನಿಂತಿದ್ದ ಅಂಕಿ ನಡುಗಿತು...

ಒಂದು ಹೆಜ್ಜೆ ಮುಂದೆ ಹೋಯಿತು.

ಐದು ಐವತ್ತೊಂದು.

ಡಾಕ್ಟರಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

*

ಹದಿನೈದನೇ ದಿನ ಡೀಬಗರ್ ತಾನಾಗಿ ನಿಂತು ಬೆರಳು ತೋರಿಸಿತು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಪ್ರೊಸೆಸ್‌ಗಳ ನಡುವೆ ಒಂದೇ ಒಂದು. ಕವಾಟದ ಅಂಚಿನ ಒಂದು ಸಾಲು ಲೆಕ್ಕ. "ನಾಲ್ಕು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ದು ನೀನೇನಾ ಕಳ್ಳಾ!" ಎಂದು ಡಾಕ್ಟರಮ್ಮ ಅದನ್ನು ತಿದ್ದಿದರು. ಲೆಕ್ಕ ಮುಂದೆ ನಡೆಯಿತು.

ಆ ದಿನಗಳಲ್ಲಿ ಅವಳು ಅವನ ಜೊತೆ ಕೆಲಸದ ಮಾತಷ್ಟೇ ಆಡಿದಳು. ಅವನು ಹೇಳಲು ಬಂದದ್ದನ್ನು ಎರಡು ಸಲ ನುಂಗಿಕೊಂಡದ್ದನ್ನು ಅವಳು ಗಮನಿಸಿದ್ದಳು. ಅವಳು ಎಲ್ಲವನ್ನೂ ಗಮನಿಸುವವಳು. ಆದರೆ ಕೇಳಲು ಧೈರ್ಯವಿರಲಿಲ್ಲ. 'ಬೇಜಾರಾಗಿತ್ತು' ಎಂದುಬಿಟ್ಟರೆ?

ಕೊನೆಯ ದಿನ ಬೆಳಿಗ್ಗೆ ಎಂಟಕ್ಕೆ ಲೆಕ್ಕ ಮುಗಿಯಿತು. ಪರದೆಯ ಮುಂದೆ ಇದ್ದದ್ದು ಮೂವರೇ.

ಡಾಕ್ಟರಮ್ಮ ಗುಂಡಿ ಒತ್ತಿದರು.

ಹೃದಯ ಕುಗ್ಗಿತು. ಕವಾಟದ ರೆಪ್ಪೆಯಂಥ ಮೂರು ಎಸಳುಗಳು, ಯಾರೋ ನಿದ್ದೆಯಿಂದ ಕಣ್ಣು ತೆರೆದಂತೆ ಮೆಲ್ಲಗೆ ತೆರೆದುಕೊಂಡವು. ರಕ್ತ ಸುಳಿಸುಳಿಯಾಗಿ ತಿರುಗಿ, ಮೇಲೇರಿ, ಹರಿದುಹೋಯಿತು. ಸುಳಿಯೇ ಹಿಂದಕ್ಕೆ ಬಾಗಿ ಬಂದು ಎಸಳುಗಳನ್ನು ಮೃದುವಾಗಿ ಮುಚ್ಚಿತು. ಹೃದಯ ಹಿಗ್ಗಿತು.

ಅಷ್ಟೇ. ಒಂದು ಸೆಕೆಂಡು.

ಇದು... ಇದು ನನ್ನೊಳಗೆ ಈಗಲೂ ನಡೆಯುತ್ತಿದೆಯೇ? ಯಾವ ಪಟ್ಟಿಯೂ ಇಲ್ಲದೆ, ಯಾರ ಸಹಿಯೂ ಇಲ್ಲದೆ? ಅವಳಿಗೆ ತನ್ನ ಮೈಯೇ ಹೊಸದಾಗಿ ಕಂಡಿತು.

"ಇನ್ನೊಂದ್ಸಲ," ಎಂದರು ಡಾಕ್ಟರಮ್ಮ, ಮಗುವಿನಂತೆ. ಹನ್ನೊಂದು ಸಲ ನೋಡಿದರು. ಆಮೇಲೆ ಅವಳ ಕೆನ್ನೆ ತಟ್ಟಿ, "ನೀವಿಬ್ರೂ ನನ್ನ ಪಾಲಿಗೆ..." ಎಂದು, ಮಾತು ಮುಗಿಸಲಾರದೆ, ಫೋನ್ ಹುಡುಕುತ್ತ ಹೊರಗೋಡಿದರು.

ಇಬ್ಬರೇ ಉಳಿದರು.

"ಒಂದು ಕೇಳ್ಲಾ?" ಎಂದಳು ಅವಳು. "ಅವತ್ತು ಯಾಕೆ ಪರೀಕ್ಷೆ ಮಾಡ್ಲಿಲ್ಲ?"

ಅವನು ರ‍್ಯಾಕ್‌ನತ್ತ ತಿರುಗಿ ನಿಂತ.

"ಮೂರನೇ ಪಟ್ಟಿಯಲ್ಲಿ ನೀವು ಒಂದು ಸಾಲು ಬರೆದಿದ್ರಿ," ಎಂದ ಕೊನೆಗೆ. "'ಇದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ, ಆದರೆ ನಂಬಬೇಡಿ.' ಇಂಥ ಪಟ್ಟಿಯಲ್ಲಿ ಯಾರು ಹಾಗೆ ಬರೀತಾರೆ ಮೇಡಂ? ಓದೋನು ತೊಂದರೆಗೆ ಸಿಕ್ಕಿಹಾಕ್ಕೋಬಾರ್ದು ಅಂತ ಹೆದರಿ ಹೆದರಿ ಬರೆದಿದೀರಿ ಅಂತ ಗೊತ್ತಾಯ್ತು. ಆಮೇಲೆ ನಿಮ್ಮ ಪಟ್ಟಿ ಬಂದ್ರೆ ಕೆಲಸಕ್ಕೆ ಅಂತ ಓದ್ಲಿಲ್ಲ. ಸುಮ್ನೆ ಓದ್ತಿದ್ದೆ. ವಾಪಸ್ ಕಳಿಸಿದ್ರೆ ಇನ್ನೊಂದು ಬರತ್ತಲ್ಲ ಅಂತ..."

"ಅದಕ್ಕೆ ವಾಪಸ್ ಕಳಿಸ್ತಿದ್ರಾ!"

"ಇಲ್ಲ ಇಲ್ಲ, ತಪ್ಪು ನಿಜವಾಗ್ಲೂ ಇರ್ತಿತ್ತು," ಎಂದ ಗಾಬರಿಯಿಂದ.

ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

"ಎಂಟನೇದು ಬಂದಾಗ... ಪರೀಕ್ಷೆ ಯಂತ್ರದ ಮುಂದೆ ಕೂತೆ. ನಿಮ್ಮನ್ನ ಪರೀಕ್ಷೆ ಮಾಡೋಕೆ ಮನಸ್ಸೇ ಬರ್ಲಿಲ್ಲ. ನಂಬ್ಬಿಟ್ಟಿದ್ದೆ. ಹದಿನಾಲ್ಕು ವರ್ಷದಲ್ಲಿ ಅದೊಂದೇ ಸಲ." ಅವನು ತಿರುಗಿ ನೋಡಲಿಲ್ಲ. "ಒಬ್ಬರನ್ನ ಇಷ್ಟಪಟ್ಟು, ಆ ಹೃದಯಾನ ನಾನೇ ಕೊಂದ್ಬಿಡ್ತಿದ್ದೆ..."

ಅವನ ಹಣೆ ರ‍್ಯಾಕ್‌ಗೆ ತಾಗಿತು. ಭುಜಗಳು ಅಲುಗುತ್ತಿದ್ದವು. ಕಚೇರಿಯವರೆಲ್ಲ ಕಲ್ಲು ಎನ್ನುತ್ತಿದ್ದ ಮನುಷ್ಯ ಅಳುತ್ತಿದ್ದ! ಆರು ದಿನ ಒಳಗೇ ಹಿಡಿದಿಟ್ಟದ್ದೆಲ್ಲ ಸದ್ದಿಲ್ಲದೆ ಇಳಿಯುತ್ತಿತ್ತು.

ಅವಳು ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗೈಗೆ ತಾಗಿತು... ಡಬ್ ಡಬ್, ಡಬ್ ಡಬ್. ಯಂತ್ರಕ್ಕೆ ಹತ್ತೊಂಬತ್ತು ದಿನ ಹಿಡಿಯುವುದು ಇಲ್ಲಿ ಅವಳ ಕೈಯ ಕೆಳಗೆ ಎಷ್ಟು ಬೇಗಬೇಗ!

"ನೋಡಿ, ಇನ್ಮೇಲೆ ನನ್ನ ಪಟ್ಟಿನೆಲ್ಲ ಪರೀಕ್ಷೆ ಮಾಡ್ಲೇಬೇಕು. ಎಂಟಲ್ಲ, ಎಂಬತ್ತು ಸಲ ವಾಪಸ್ ಕಳಿಸಿ."

"ಹೂಂ," ಎಂದ.

"ನನ್ನನ್ನ ಮಾತ್ರ..." ಅವಳ ಕೆನ್ನೆ ಬೆಚ್ಚಗಾಯಿತು. "ನನ್ನನ್ನ ಮಾತ್ರ ಹೀಗೇ ಒಪ್ಕೊಂಡ್ಬಿಡ್ರೀ."

ಅವನು ತಿರುಗಿದ. ಒದ್ದೆ ಕಣ್ಣು, ನಂಬಲಾರದ ಕಣ್ಣು. "ಸರ್ ಅನ್ಲಿಲ್ಲ, 'ರೀ' ಅಂದ್ರಿ."

"ಅಂದೆ."

"ಇನ್ನೊಂದ್ಸಲ ಹೇಳಿ."

"ಡಾಕ್ಟರಮ್ಮನ ಹಾಗೆ ಹನ್ನೊಂದ್ಸಲ ಕೇಳ್ತೀರೇನ್ರೀ?"

ಅವನು ಅವಳ ಕೈ ಹಿಡಿದುಕೊಂಡ. ಹಿಡಿದದ್ದೇ ತಡ, ಬಾಗಿಲು ಧಡಾರನೆ ತೆರೆಯಿತು. ಮುಖ್ಯಸ್ಥರು, ಅವರ ಹಿಂದೆ ಇಡೀ ಕಚೇರಿ! ಚಪ್ಪಾಳೆ, ಕೂಗು, ಗಲಾಟೆ. ಅವಳ ಕೈ ಅಷ್ಟರಲ್ಲಿ ಬೆನ್ನ ಹಿಂದೆ ಸೇರಿತ್ತು.

"ಎಲ್ಲಿ ನಮ್ಮ ಅಳಿಯಂದ್ರು? ಅರೆ! ಇದೇನ್ರೀ ಕಣ್ಣು ಇಷ್ಟು ಕೆಂಪಗೆ? ಅತ್ತಿದ್ರಾ? ನೀವಾ?" ಮುಖ್ಯಸ್ಥರು ಅವನನ್ನೂ ಅವಳನ್ನೂ ಸರದಿಯಲ್ಲಿ ನೋಡಿದರು. "ಏನ್ ಪಟ್ಟಿ ಮೇಡಂ, ಇಲ್ಲೇನಾಯ್ತು?"

ಎಲ್ಲರ ಕಣ್ಣೂ ಅವಳ ಮೇಲೆ. ಅವನು ತಲೆ ತಗ್ಗಿಸಿದ.

"ಏನಿಲ್ಲ ಸರ್," ಎಂದಳು ಅವಳು. "ಎಸಿ ಗಾಳಿ. ತುಂಬ ಒಣ."

ಸಂಜೆ ಅಕ್ಕ ಕೇಳುತ್ತಾಳೆ, ಭಾವ ಕೆಣಕುತ್ತಾರೆ. ಮದುವೆಯ ಮಾತು ಒಂದಲ್ಲ ಒಂದು ದಿನ ಎಲ್ಲರಿಗೂ ಹೇಳಲೇಬೇಕು, ಹೇಳುತ್ತಾಳೆ. ಆದರೆ ಆ ಕಣ್ಣೀರು, ಅಂಗೈಗೆ ತಾಗಿದ ಆ ಬಡಿತ... ಅದನ್ನು ಯಾರಿಗೂ ಹೇಳುವುದಿಲ್ಲ, ಎಂದೆಂದಿಗೂ, ಎಂದು ಅವಳು ಆ ಗಲಾಟೆಯ ನಡುವೆಯೇ ನಿಂತು ನಿಶ್ಚಯಿಸಿಬಿಟ್ಟಳು.